ಕಾಕಿಯ ಬಾಳಿಕೆ ಬರುವ ಆಟ

ನಮ್ಮ ಉದಗೀರದ ಕಾಕಿ ಬರುವುದನ್ನು ಕಂಡರೆ ಅಂಗಡಿಯವನು ಬೆಳಗಿನ ಹನ್ನೊಂದಕ್ಕೇ ಊಟದ ನೆಪ ಹೇಳಿ ಶಟರ್ ಎಳೆಯುತ್ತಿದ್ದ. ಸೀರೆ ಅಂಗಡಿ ಅಂದುಕೊಂಡಿರಾ? ಅಲ್ಲ, ವಿಡಿಯೊ ಗೇಮಿನ ಅಂಗಡಿ!

ನಮ್ಮ ಕಡೆ ತೊಂಬತ್ತಮೂರರ ಭೂಕಂಪವಾಗಿ ಹತ್ತು ಹನ್ನೆರಡು ವರ್ಷ ಕಳೆದಿತ್ತು. ಕಾಕಿಯ ಮಗಳು ಮದುವೆಯಾಗಿ ಔರಾದಕ್ಕೆ ಹೋಗುವಾಗ ಟಿ.ವಿ.ಗೆ ಹಚ್ಚಿ ಆಡುವ ತನ್ನ ಗೇಮಿನ ಡಬ್ಬಿ ಬಿಟ್ಟುಹೋಗಿದ್ದಳು. ಧೂಳು ಒರೆಸಲೆಂದು ಅದನ್ನು ಕೈಗೆತ್ತಿಕೊಂಡ ಕಾಕಿ ಮತ್ತೆ ಕೆಳಗಿಡಲೇ ಇಲ್ಲ. ಆದರೆ ಖರ್ಚಿನಲ್ಲಿ ಬಿಗಿ. ಸೀರೆ ಎಷ್ಟು ಒಗೆತಕ್ಕೆ ತಾಳುತ್ತದೆ ಎಂದು ಕೇಳುವಂತೆಯೇ, ಒಂದು ಆಟ ಎಷ್ಟು ಸಲ ಆಡಿದರೆ ಬೇಸರ ಬರುತ್ತದೆ ಎಂದು ಕೇಳುತ್ತಿದ್ದಳು.

ಒಮ್ಮೆ ನಾನು ನಿಲಂಗಾದಿಂದ ಹೋದಾಗ ನನ್ನನ್ನೂ ಅಂಗಡಿಗೆ ಎಳೆದೊಯ್ದಳು. ಅಂಗಡಿಯವನು ಹೊಸ ಸಿ.ಡಿ. ತೋರಿಸಿ, ರಾಕ್ಷಸರನ್ನು ಕೊಂದು ರಾಜಕುಮಾರಿಯನ್ನು ಬಿಡಿಸುವ ಕಥೆಯನ್ನು ಮರಾಠಿಯಲ್ಲಿ ಭಾರಿ ರಂಗಾಗಿ ಹೇಳಿದ. ಬಿಡಿಸಿದ ಮೇಲೆ ಏನೆಂದು ಕಾಕಿ ಕೇಳಿದಳು. ಆಟ ಮುಗಿಯಿತು ಎಂದ. ಕಾಕಿ ನನ್ನ ಕಡೆ ತಿರುಗಿ, “ಮುಗದ್ ಮ್ಯಾಲ ಆಕಿಗಿ ನಾ ದಿನಾ ರೊಟ್ಟಿ ಬಡ್ದು ಹಾಕ್ಲೇನು?” ಎಂದಳು.

ಬಿತ್ತುವುದು, ಕೊಯ್ಯುವುದು, ಮತ್ತೆ ಬಿತ್ತುವುದು, ಎಂದಿಗೂ ಮುಗಿಯದ ಒಕ್ಕಲುತನದ ಆಟವೊಂದಿತ್ತು. ನಾನು ಅದನ್ನು ತೆಗೆದುಕೊಟ್ಟೆ. ಅಲ್ಲೇ ಅರ್ಧ ತಾಸು ಆಡಿ ನೋಡಿ ವಾಪಸಿಟ್ಟಳು. ಇಷ್ಟು ಒಕ್ಕಲುತನ ಬರುತ್ತದೆಂದು ತನ್ನ ಅತ್ತೆಗೆ ಗೊತ್ತಾದರೆ ಕಾಸಾರಶಿರಸಿಯ ಮನೆತನದ ತೊಗರಿ ಹೊಲಕ್ಕೇ ದುಡಿಯಲು ಕಳಿಸುತ್ತಾರಂತೆ!

ಕೊನೆಗೆ ಕೊಂಡದ್ದು ಕಾರಿನ ರೇಸು. ಇಬ್ಬರು ಕೂಡಿ ಆಡಬಹುದು, ಹತ್ತಾರು ದಾರಿಗಳಿವೆ. ಆ ಒಂದೇ ಸಿ.ಡಿ. ಮೂರು ವರ್ಷ ಓಡಿತು. ಗೀರು ಬಿದ್ದರೆ ಹಲ್ಲುಪುಡಿ ಹಚ್ಚಿ ಒರೆಸುತ್ತಿದ್ದಳು. ನನ್ನನ್ನು ಸೋಲಿಸಿದಳು, ಓಣಿಯ ಹುಡುಗರನ್ನು ಸೋಲಿಸಿದಳು, ಹಾಲು ಹಾಕಲು ಬಂದವನನ್ನೂ ಕೂರಿಸಿ ಸೋಲಿಸಿದಳು. ಕಾಕಾ ಹೈಸ್ಕೂಲ್ ಮಾಸ್ತರರು, ಅದರ ಗೊಡವೆಗೇ ಬರುತ್ತಿರಲಿಲ್ಲ.

ಆಮೇಲೆ ಕಾಕಾರಿಗೆ ಲಕ್ವಾ ಹೊಡೆಯಿತು. ಬಲಗೈ ನಿಂತಿತು. ಬೆರಳು ಆಡಿಸುತ್ತಿರಿ ಎಂದು ಡಾಕ್ಟರರು ರಬ್ಬರ್ ಚೆಂಡು ಕೊಟ್ಟರೆ, ಕಾಕಾ ಅದನ್ನು ಗೋಡೆಗೆ ಎಸೆದು, ಮಾತೂ ಬಿಟ್ಟು ಕೂತರು.

ತಿಂಗಳ ಮೇಲೆ ನಾನು ನೋಡಲು ಹೋದೆ. ಟಿ.ವಿ. ಮುಂದೆ ಇಬ್ಬರೂ ಕೂತಿದ್ದರು. ಕಾಕಾರ ಕಾರು ಗೋಡೆಗೆ ಬಡಿಯುತ್ತಿತ್ತು, ಹಿಂದಕ್ಕೆ ಹೋಗುತ್ತಿತ್ತು, ಮತ್ತೆ ಬಡಿಯುತ್ತಿತ್ತು. ಕಾಕಿಯ ಕಾರು ಕೊನೆಯ ಗೆರೆಗೆ ಒಂದು ಮಾರು ಹಿಂದೆ ಸುಮ್ಮನೆ ನಿಂತಿತ್ತು. ಹೀಗೇ ಕಾಲು ತಾಸು.

“ನಿನ್ ಗಾಡಿ ಯಾಕ ನಿಂತದ?” ಕಾಕಾ ತೊದಲುತ್ತ ಕೇಳಿದರು.

“ಪೆಟ್ರೋಲ್ ಮುಗದದ್ರಿ.”

ಕಾಕಾರ ಕಾರು ತೆವಳುತ್ತ ಬಂದು ಗೆರೆ ದಾಟಿತು. ಅವರು ಗುಂಡಿ ಒತ್ತುತ್ತಿದ್ದ ತಮ್ಮ ಬಲಗೈಯ ಹೆಬ್ಬೆರಳನ್ನೇ ಬಹಳ ಹೊತ್ತು ನೋಡಿದರು. ಆಮೇಲೆ, “ಇನ್ನೊಂದ್ ಸಲ ಆಡಮ್” ಎಂದರು.

ಕಾಕಿ ಸೆರಗಿನಿಂದ ಮುಖ ಒರೆಸಿಕೊಂಡು ಆಟವನ್ನು ಮೊದಲಿನಿಂದ ಹಚ್ಚಿದಳು.