ಬೀಗರ ಮುಂದೆ ತಿರುಗದ ಕುತ್ತಿಗೆ

ಕುತ್ತಿಗೆಗೆ ಬೆಲ್ಟು ಕಟ್ಟಿಕೊಂಡು ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ಜೆರಾಕ್ಸ್ ಅಂಗಡಿ ನಡೆಸುವವನ ಸಂಕಟ ನಿಮಗೆ ಗೊತ್ತಿಲ್ಲ. ಆಧಾರ್ ಕಾರ್ಡಿನ ಎರಡೂ ಬದಿ ಜೆರಾಕ್ಸ್ ಮಾಡಿಸಲು ಬಂದವರೆಲ್ಲ ಮೊದಲು ನನ್ನ ಎರಡೂ ಬದಿ ನೋಡುತ್ತಾರೆ. ಬೈಕಿನಿಂದ ಬಿದ್ದಿರಾ ಅನ್ನುತ್ತಾರೆ. ಮನೆಯವರೇನಾದರೂ ಎಂದು ಶುರು ಮಾಡಿ ಅರ್ಧಕ್ಕೇ ನಿಲ್ಲಿಸುತ್ತಾರೆ. (ಯಮುನಾ ಇದುವರೆಗೂ ನನ್ನ ಮೇಲೆ ಕೈ ಎತ್ತಿಲ್ಲ. ಅವಳಿಗೆ ಬಾಯೇ ಸಾಕು.)

ಕುತ್ತಿಗೆಯ ಡಿಸ್ಕು ಜಾರಿ ನರ ಒತ್ತುತ್ತಿದೆ ಎಂದು ಸ್ಕ್ಯಾನಿಂಗಿನಲ್ಲಿ ಗೊತ್ತಾಗಿತ್ತು. ಚಿತ್ರದುರ್ಗದಲ್ಲಿ ಮಹೇಕ್ ಎಂಬ ಕೈರೋಪ್ರಾಕ್ಟರ್ ಕೈಯಿಂದಲೇ ಚಿಕಿತ್ಸೆ ಮಾಡುತ್ತಾರೆಂದು ಹೋದೆ. ಮೊಬೈಲ್ ವಿಡಿಯೋಗಳಲ್ಲಿ ಕುತ್ತಿಗೆ ಹಿಡಿದು ಲಟಲಟ ಅನ್ನಿಸುತ್ತಾರಲ್ಲ, ಹಾಗೆ ಮಾಡುತ್ತಾರೆಂದು ಆಸೆಪಟ್ಟಿದ್ದೆ. ಆಕೆ ಮೆಲ್ಲಗೆ ಒತ್ತಿದರು, ಮೆಲ್ಲಗೆ ಎಳೆದರು. ಒಂದು ಸದ್ದೂ ಬರಲಿಲ್ಲ. ನಿಮ್ಮ ಕುತ್ತಿಗೆಯನ್ನು ತಿರುಚುವಂತಿಲ್ಲ, ಬೆಲ್ಟು ಬಿಚ್ಚಬೇಡಿ, ಕಟಿಂಗ್ ಶಾಪಿನಲ್ಲಂತೂ ನೆಟಿಗೆ ತೆಗೆಸಲೇಬೇಡಿ ಎಂದು ಬೇರೆ ಹೇಳಿದರು. ಸದ್ದಿಲ್ಲದ ಚಿಕಿತ್ಸೆ ನನ್ನ ಮನಸ್ಸಿಗೆ ಹಿಡಿಸಲಿಲ್ಲ.

ಅಷ್ಟರಲ್ಲಿ ಮಗಳು ಬಿಂದುವಿನ ಸಂಬಂಧ ಬಂತು. ಹುಡುಗನೂ ಅವಳೂ ಫೋನಿನಲ್ಲಿ ಮಾತಾಡಿ ಒಪ್ಪಿಕೊಂಡಾಗಿತ್ತು. ಹಿರಿಯರು ಮುಖ ನೋಡಿಕೊಳ್ಳುವುದೊಂದೇ ಬಾಕಿ. ಹುಡುಗನ ತಂದೆ, ಆದಿವಾಲದ ತಿಮ್ಮರಾಯಪ್ಪನವರು, ಭಾನುವಾರ ಬರುತ್ತೇವೆಂದರು. ಈ ಕಂಠಾಭರಣ ಧರಿಸಿ ಬೀಗರ ಮುಂದೆ ಕೂರುವುದೆ? ಇವರ ವಂಶದಲ್ಲೇ ಕುತ್ತಿಗೆ ಸರಿಯಿಲ್ಲ ಎಂದುಕೊಂಡರೆ? ಬೆಲ್ಟು ಇದ್ದರೆ ಇರಲಿ, ನನಗೇನೂ ಬೇಜಾರಿಲ್ಲ ಎಂದು ಬಿಂದು ಹೇಳಿದಳು. ಬೇಜಾರಿದ್ದದ್ದು ನನಗೆ.

ಭಾನುವಾರ ಬೆಳಿಗ್ಗೆ ಬೆಲ್ಟನ್ನು ತರಕಾರಿ ಚೀಲಕ್ಕೆ ತುರುಕಿ ನಿಂಗಪ್ಪನ ಕಟಿಂಗ್ ಶಾಪಿಗೆ ಹೋದೆ. ಕಟಿಂಗ್ ಮುಗಿದ ಮೇಲೆ ಎಂದಿನಂತೆ, "ನೆಟಿಗೆ ತೆಗೀಲೇನಣ್ಣ?" ಅಂದ. ಡಿಸ್ಕಿನ ಸುದ್ದಿ ಎತ್ತದೆ ಹೂಂ ಅಂದೆ. ಒಂದೇ ಸದ್ದಿಗೆ ಗುಣವಾಗಿ ಬೆಲ್ಟಿಲ್ಲದೆ ಬೀಗರ ಮುಂದೆ ಕೂರಬಹುದೆಂಬ ದುರಾಸೆ. ಬಲಕ್ಕೆ ತಿರುಗಿಸಿದ, ಲಟಕ್. ಸುಖವಾಯಿತು. ಎಡಕ್ಕೆ ತಿರುಗಿಸಿದ, ಲಟಕ್. ಕುತ್ತಿಗೆ ಅಲ್ಲೇ ನಿಂತುಬಿಟ್ಟಿತು.

ಮನೆಯವರೆಗೂ ಎಡಗಡೆಯ ಮನೆಗಳನ್ನೇ ನೋಡುತ್ತಾ ನಡೆದೆ. ಹೊಸಿಲ ಮೇಲೆ ಅಕ್ಕಿ ಆರಿಸುತ್ತಿದ್ದ ನಮ್ಮ ಬೀದಿಯ ಹನುಮಮ್ಮ ನನ್ನ ದೃಷ್ಟಿ ಕದಲದ್ದು ನೋಡಿ ಸೆರಗು ಸರಿಮಾಡಿಕೊಂಡು ಒಳಗೆ ಹೋದರು. ಯಮುನಾ ಬೈಯುತ್ತಲೇ ಚಿತ್ರದುರ್ಗದ ಮಹೇಕ್ ಅವರಿಗೆ ಫೋನ್ ಮಾಡಿದಳು. ಯಾರೂ ಮುಟ್ಟಬೇಡಿ, ಈಗಲೇ ಕರೆತನ್ನಿ ಎಂದರು. ಅಷ್ಟರಲ್ಲಿ ಬೀಗರ ಕಾರು ಬಂದೇಬಿಟ್ಟಿತು.

ಯಮುನಾ ನನ್ನ ಕುರ್ಚಿಯನ್ನು ಗೋಡೆಗೆ ಮುಖ ಮಾಡಿ ಹಾಕಿದಳು. ಮೈ ಗೋಡೆ ಕಡೆ, ಮುಖ ಎಡಗಡೆಯ ಸೋಫಾ ಕಡೆ. ಬುದ್ಧಿವಂತೆ. ಅಲ್ಲಿ ಕೂತವರು ನನ್ನ ನೆಟ್ಟ ನೋಟಕ್ಕೆ ಗೌರವವೆಂದೇ ಹೆಸರಿಡಬೇಕು.

ಆದರೆ ತಿಮ್ಮರಾಯಪ್ಪನವರು ಒಳಗೆ ಬಂದದ್ದು ಕುತ್ತಿಗೆಗೆ ಬೆಲ್ಟು ಕಟ್ಟಿಕೊಂಡು. ನನ್ನದೇ ಬಣ್ಣದ್ದು.

"ಡಿಸ್ಕು ಜಾರೈತ್ರಿ. ಆ ಕಡೆ ಈ ಕಡೆ ತಿರುಗಾಕೆ ಆಗಲ್ಲ, ನಿಮ್ಮ ಎದುರಿಗೇ ಕುಂತ್ಕಳ್ತೀನಿ," ಎಂದು ಗೋಡೆ ಮತ್ತು ನನ್ನ ನಡುವೆ ಕುರ್ಚಿ ಹಾಕಿಸಿಕೊಂಡು ಕೂತೇಬಿಟ್ಟರು. ಹುಡುಗ ನನ್ನ ಬಲಗಡೆ ಕೂತ. ನಾನು ಖಾಲಿ ಸೋಫಾ ನೋಡುತ್ತಿದ್ದೆ.

ತಿಮ್ಮರಾಯಪ್ಪನವರು ಕೇಳಿದರು, "ಯಾಕ್ರಿ, ನಮ್ಮ ಮುಖ ನೋಡಾಕೂ ಮನಸ್ಸಿಲ್ವೇನ್ರಿ?"

ಬಿಂದು ಕಾಫಿ ತಟ್ಟೆಯನ್ನು ಕೆಳಗಿಟ್ಟ ಸದ್ದು ಕೇಳಿಸಿತು. ಅವಳ ಮದುವೆ ನನ್ನ ಒಣಜಂಬಕ್ಕೆ ಮುರಿದು ಬೀಳುತ್ತಿತ್ತು. ಅವಳೇ ಹೇಳಿದಳು:

"ಅಪ್ಪಾಜಿಗೂ ಡಿಸ್ಕೇ ಐತ್ರಿ. ನಿಮ್ಮ ಮುಂದೆ ಬೆಲ್ಟು ಹಾಕ್ಕಳಾಕೆ ನಾಚ್ಕಂಡು ನೆಟಿಗೆ ತೆಗೆಸ್ಕಂಡು ಬಂದವ್ರೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಿಮ್ಮರಾಯಪ್ಪನವರು ನಗಲಿಲ್ಲ. "ನಾನೂ ಬಿಚ್ಚಿಟ್ಟು ಬರಾಣ ಅಂತಿದ್ದೆ. ನನ್ನ ಮಗ ಬಿಡ್ಲಿಲ್ಲ. ಬೆಲ್ಟು ನೋಡಿ ಬ್ಯಾಡ ಅನ್ನೋ ಮನೆ ನಮಗೂ ಬ್ಯಾಡ ಅಂದ," ಎಂದರು. ಅಲ್ಲಿಗೆ ನನ್ನ ಮರ್ಯಾದೆಯೊಂದು ಬಿಟ್ಟು ಎಲ್ಲವೂ ಉಳಿಯಿತು. ಕಾಫಿ ಆರುವ ಮೊದಲೇ ಸಂಬಂಧ ಗಟ್ಟಿಯಾಯಿತು.

ಹುಡುಗನೇ ನನ್ನನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಚಿತ್ರದುರ್ಗಕ್ಕೆ ಹೊರಟ. ಅವನು ಬಲಗಡೆ ಸ್ಟೀರಿಂಗ್ ಹಿಡಿದಿದ್ದ. ನಾನು ದಾರಿಯುದ್ದಕ್ಕೂ ಎಡಗಡೆಯ ಕಿಟಕಿಯಾಚೆ ನೋಡಿದೆ. ಗುಂಡಿ ಬಂದಾಗಲೆಲ್ಲ ಮೆಲ್ಲಗೆ ಓಡಿಸಿ, "ನೋವಾಯ್ತಾ ಮಾವ?" ಎಂದು ಕೇಳುತ್ತಿದ್ದ.

ಮುಖ ಇನ್ನೂ ನೋಡಿಲ್ಲ. ದನಿ ಮಾತ್ರ ಬಹಳ ಒಳ್ಳೆಯದು.