ಸೊನ್ನೆಯಾಚೆಗಿನ ಹನ್ನೆರಡು ಕಿಲೋಮೀಟರು

ನಮ್ಮ ಪಿಕಪ್ಪಿನ ಮೀಟರು ಸುಳ್ಳು ಹೇಳುತ್ತದೆ ಎಂಬುದು ನನ್ನ ಎಂಟು ತಿಂಗಳ ಸಂಶೋಧನೆ. ಇರುವ ಡೀಸೆಲ್ಲಿನಲ್ಲಿ ಗಾಡಿ ಇನ್ನೆಷ್ಟು ದೂರ ಓಡಬಹುದು ಎಂದು ಅದೊಂದು ಅಂಕಿ ತೋರಿಸುತ್ತದೆಯಲ್ಲ, ಅದನ್ನು ನಾನು ದಿನವೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಪಕ್ಕದಲ್ಲಿ ನಿಜವಾಗಿ ಓಡಿದ್ದೆಷ್ಟು ಎಂದೂ ಬರೆಯುತ್ತೇನೆ. ಮೇಜು, ಬೀರು, ಮಂಚ ಸಾಗಿಸುವುದು ನನ್ನ ಕಸುಬಾದರೂ ಬುದ್ಧಿ ವಿಜ್ಞಾನಿಯದು. (ಈ ಮಾತನ್ನು ಹೆಂಡತಿಯ ಮುಂದೆ ಹೇಳುವುದಿಲ್ಲ.) ನೋಟ್‌ಬುಕ್ಕಿನಲ್ಲಿ ಒಂದು ಕಾಲಂ ಮಾತ್ರ ಖಾಲಿ ಉಳಿದಿತ್ತು: ಮೀಟರು ಸೊನ್ನೆಗೆ ಬಂದ ಮೇಲೂ ಗಾಡಿ ಎಷ್ಟು ದೂರ ಓಡುತ್ತದೆ? ಸೊನ್ನೆಯಾಗಲು ನನ್ನವಳು ಬಿಟ್ಟರೆ ತಾನೆ ಗೊತ್ತಾಗುವುದು.

ಆ ಶನಿವಾರ ಹೊರಟಿದ್ದು ಅವಳ ಪರದೆಯನ್ನು ಹೊತ್ತುಕೊಂಡು. ಹನ್ನೊಂದು ವರ್ಷ ಊರಿನವರ ಪ್ಯಾಂಟುಗಳ ಜಿಪ್ಪು ಬದಲಾಯಿಸುತ್ತ ಕೂತಿದ್ದವಳಿಗೆ ಮೊದಲ ದೊಡ್ಡ ಕೆಲಸ ಸಿಕ್ಕಿತ್ತು. ದೊಡ್ಡ ಶಾಲೆಯೊಂದರ ರಂಗಮಂಟಪಕ್ಕೆ ಕೆಂಪು ಮಖಮಲ್ಲಿನ ಪರದೆ. ನಾಲ್ಕು ವಾರ ನಮ್ಮ ಮನೆಯಲ್ಲಿ ನೆಲವೇ ಕಾಣಲಿಲ್ಲ. ಮಖಮಲ್ಲನ್ನು ದಾಟಿ ಅಡುಗೆಮನೆಗೆ ಹೋಗಬೇಕು, ಮಖಮಲ್ಲನ್ನು ಸರಿಸಿ ಮಲಗಬೇಕು. ಸಮಾರಂಭ ನಾಲ್ಕು ಗಂಟೆಗೆ. ಮೂರೂವರೆಯೊಳಗೆ ಪರದೆ ಬಾರದಿದ್ದರೆ ಹಳೆಯದನ್ನೇ ಕಟ್ಟುತ್ತೇವೆ, ನಿಮ್ಮದು ಬೇಡ ಎಂದು ಮುಖ್ಯೋಪಾಧ್ಯಾಯಿನಿ ಖಡಾಖಂಡಿತವಾಗಿ ಹೇಳಿದ್ದರು.

ಶಾಲೆ ಐವತ್ತೆಂಟು ಕಿಲೋಮೀಟರು ದೂರ. ಮೀಟರು ತೊಂಬತ್ತೆರಡು ತೋರಿಸುತ್ತಿತ್ತು. ಮುಂದಿನ ಸೀಟಿನಲ್ಲಿ ನಾನು, ಬಾಗಿಲ ಪಕ್ಕ ಹೆಂಡತಿ, ನಡುವೆ ಅತ್ತೆ. ಅತ್ತೆ ನಿವೃತ್ತ ಗಣಿತದ ಟೀಚರು. ಎರಡು ಅಂಕಿ ಕಂಡರೆ ಕಳೆಯದೆ ಬಿಡುವವರಲ್ಲ.

ಹನ್ನೆರಡು ಕಿಲೋಮೀಟರು ದಾಟಿದಾಗ ಬಂಕ್ ಬಂತು.

"ಡೀಸೆಲ್ ಹಾಕಿಸ್ಬಿಡಿ," ಎಂದಳು ಹೆಂಡತಿ.

"ಇನ್ನು ನಲವತ್ತಾರು ಹೋಗ್ಬೇಕು, ಮೀಟ್ರಲ್ಲಿ ಎಪ್ಪತ್ತೊಂದಿದೆ. ಯಾಕೆ ಸುಮ್ನೆ ಕ್ಯೂ ನಿಲ್ಲೋದು?"

"ಮೀಟರ್ ಸುಳ್ಳು ಹೇಳುತ್ತೆ ಅಂತ ದಿನಾ ನೀವೇ ಹೇಳ್ತೀರಲ್ಲ."

"ಸುಳ್ಳು ಹೇಳೋದು ಕಮ್ಮಿ ಕಡೆಗೆ ಕಣೇ. ಇರೋದಕ್ಕಿಂತ ಕಮ್ಮಿ ತೋರಿಸುತ್ತೆ."

"ಹನ್ನೆರಡು ಓಡಿದ್ದಕ್ಕೆ ಇಪ್ಪತ್ತೊಂದು ಇಳಿದಿದೆ," ಎಂದರು ಅತ್ತೆ, ಯಾರನ್ನೂ ನೋಡದೆ.

ಅಳಿಯನ ಮರ್ಯಾದೆಯ ಪ್ರಶ್ನೆ. ಬಂಕ್ ಹಿಂದೆ ಹೋಯಿತು. ಏರು ಶುರುವಾಯಿತು.

ಹಿಂದಿನ ದಿನ ನಾನು ಖಾಲಿ ಗಾಡಿಯನ್ನು ಇಳಿಜಾರಿನಲ್ಲೇ ಓಡಿಸಿಕೊಂಡು ಬಂದಿದ್ದೆ. ಪಾಪದ ಮೀಟರು ಅದನ್ನೇ ನಂಬಿ ತೊಂಬತ್ತೆರಡು ಎಂದಿತ್ತು. ಈಗ ಹಿಂದೆ ಮಖಮಲ್ಲಿನ ಬೆಟ್ಟ, ಅದರ ಕಬ್ಬಿಣದ ಕೊಳವೆಗಳು, ಎದುರಿಗೆ ಮುಗಿಯದ ಏರು. ಅಂಕಿ ಇಳಿಯತೊಡಗಿತು, ಅತ್ತೆ ಓದತೊಡಗಿದರು.

"ಮೂವತ್ತೆಂಟು ಇದೆ. ಮೂವತ್ತಾರು ಹೋಗ್ಬೇಕು."

ನಾನು ಎಸಿ ಆರಿಸಿದೆ.

"ಇಪ್ಪತ್ತೊಂಬತ್ತು ಇದೆ. ಮೂವತ್ತೆರಡು ಹೋಗ್ಬೇಕು. ಅಳಿಯಂದ್ರೇ, ಕಳೆಯೋಕೂ ಬರ್ತಿಲ್ಲ ಈಗ."

ನಾನು ರೇಡಿಯೋ ಆರಿಸಿದೆ. ಅದಕ್ಕೂ ಡೀಸೆಲ್ಲಿಗೂ ಏನು ಸಂಬಂಧವೋ ಗೊತ್ತಿಲ್ಲ. ಬೆವರು ಕಣ್ಣಿಗಿಳಿಯುತ್ತಿತ್ತು. ಹೆಂಡತಿ ಒಂದು ಮಾತೂ ಆಡುತ್ತಿರಲಿಲ್ಲ, ನನಗೆ ನಿಜವಾದ ಭಯ ಹುಟ್ಟಿದ್ದು ಅದರಿಂದಲೇ. ಬೈದರೆ ಉತ್ತರ ಕೊಡಬಹುದು. ಅವಳು ತೊಡೆಯ ಮೇಲಿದ್ದ ಸೂಜಿದಾರದ ಡಬ್ಬಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ರಸ್ತೆಯನ್ನೇ ನೋಡುತ್ತಿದ್ದಳು.

ಇಪ್ಪತ್ತೆಂಟು ಕಿಲೋಮೀಟರು ಬಾಕಿ, ಮೀಟರಿನಲ್ಲಿ ಹದಿನೆಂಟು. ಆಗ ಅವಳು ಬಾಯಿಬಿಟ್ಟಳು.

"ನಿಲ್ಸಿ. ಹಗ್ಗ ಸಡಿಲವಾದ ಹಾಗಿದೆ."

ರಸ್ತೆ ಬದಿಯ ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿದೆ. ಹಗ್ಗ ಬಿಗಿಯಾಗಿಯೇ ಇತ್ತು. ಇಳಿದಿದ್ದಾಯಿತಲ್ಲ ಎಂದು, ಏರು ಎಲ್ಲಿಗೆ ಮುಗಿಯುತ್ತದೋ ನೋಡಲು ತಿರುವಿನವರೆಗೆ ನಡೆದುಹೋದೆ. ಏರು ಅಲ್ಲಿಗೇ ಮುಗಿದಿತ್ತು, ಮುಂದೆಲ್ಲ ಸಮತಟ್ಟು. ಓಡಿಬಂದು ಸುದ್ದಿ ಹೇಳಿದೆ. ಹೆಂಡತಿ ಬಟ್ಟೆಯ ಚೂರಿನಲ್ಲಿ ಕೈ ಒರೆಸಿಕೊಳ್ಳುತ್ತ, "ಸರಿ, ನಡೀರಿ," ಎಂದಳು. ಅಷ್ಟೇ.

ಮತ್ತೆ ಹೊರಟ ಮೇಲೆ ಒಂದು ವಿಚಿತ್ರ ನಡೆಯಿತು. ಅತ್ತೆ ಅಂಕಿ ಓದುವುದನ್ನು ನಿಲ್ಲಿಸಿ, ತಲೆ ಹಿಂದಕ್ಕೊರಗಿಸಿ ನಿದ್ದೆಹೋದರು. ಸಣ್ಣಗೆ ಗೊರಕೆಯೂ ಕೇಳಿಸಿತು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅತ್ತೆಗೆ ನನ್ನ ಮೇಲೆ ನಂಬಿಕೆ ಬಂದಿದೆ ಎಂದು ಬೀಗುತ್ತ ಓಡಿಸಿದೆ.

ಇನ್ನೂ ಹನ್ನೆರಡು ಕಿಲೋಮೀಟರು ಬಾಕಿಯಿರುವಾಗ ಮೀಟರು ಸೊನ್ನೆ ತೋರಿಸಿತು. ಒಂದೊಂದು ಕಿಲೋಮೀಟರಿನ ಕಲ್ಲೂ ಒಂದೊಂದು ಯುಗ. ಇಂಜಿನ್ ಸ್ವಲ್ಪ ಗೊಣಗಿದರೂ ಸ್ಟಿಯರಿಂಗ್ ತಟ್ಟಿ ಸಮಾಧಾನ ಮಾಡುತ್ತಿದ್ದೆ. ಆದರೂ ಗಾಡಿ ನಿಲ್ಲಲಿಲ್ಲ. ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಶಾಲೆಯ ಅಂಗಳದಲ್ಲಿ ಬ್ರೇಕ್ ಹಾಕಿದೆ. ಪರದೆ ಬಂದು ತಲುಪಿತ್ತು, ನನ್ನ ಖಾಲಿ ಕಾಲಂ ತುಂಬಿತ್ತು. ನೋಟ್‌ಬುಕ್ ತೆರೆದು ದುಂಡಗೆ ಬರೆದೆ: ಸೊನ್ನೆಯ ನಂತರ ಹನ್ನೆರಡು ಕಿ.ಮೀ.

"ಗಾಡಿ ಇಲ್ಲೇ ಇರ್ಲಿ. ಕದಲಿಸ್ಬೇಡಿ," ಎಂದು ಹೇಳಿ ಹೆಂಡತಿ, ಶಾಲೆಯ ಆಳುಗಳು ಇಳಿಸಿ ಹೊತ್ತೊಯ್ದ ಪರದೆಯ ಹಿಂದೆಯೇ ಅತ್ತೆಯೊಡನೆ ಒಳಗೋಡಿದಳು.

ಅಂಗಳದಲ್ಲಿ ಶಾಲೆಯ ಬಸ್ಸಿನ ಡ್ರೈವರುಗಳು ನಾಲ್ವರು ನಿಂತಿದ್ದರು. ಅಂಥ ಸಭೆ ಸಿಕ್ಕಿದರೆ ಯಾವ ವಿದ್ವಾಂಸ ಸುಮ್ಮನಿರುತ್ತಾನೆ? ನೋಟ್‌ಬುಕ್ ಬಿಡಿಸಿ ಅರ್ಧ ಗಂಟೆ ಉಪನ್ಯಾಸ ಕೊಟ್ಟೆ.

"ಸೊನ್ನೆ ಅಂದ್ರೆ ಸೊನ್ನೆ," ಎಂದರು ಅವರಲ್ಲಿ ಹಿರಿಯರು. "ನಮ್ಮನೇಲೂ ಇದೇ ಪಿಕಪ್ ಇದೆ. ಒಂದು ಹೆಜ್ಜೆ ಮುಂದೆ ಹೋಗಲ್ಲ."

"ಹನ್ನೆರಡು ಬಂದಿದೀನಿ ಸ್ವಾಮಿ. ಇನ್ನೂ ಹೋಗುತ್ತೆ. ಈಗ್ಲೇ ತೋರಿಸ್ತೀನಿ, ಬನ್ನಿ."

ಗಾಡಿ ಹತ್ತಿ ಗತ್ತಿನಿಂದ ತಿರುಗಿಸಿದೆ. ಗೇಟಿನವರೆಗೆ ರಾಜಗಾಂಭೀರ್ಯದಿಂದ ಹೋಯಿತು. ಗೇಟಿನ ನಟ್ಟನಡುವೆ ಎರಡು ಸಲ ಕೆಮ್ಮಿ, ಉಸಿರು ನಿಲ್ಲಿಸಿತು.

ನಾಲ್ಕಕ್ಕೆ ಇನ್ನು ಐದೇ ನಿಮಿಷ. ಎದುರಿಗೆ ಮುಖ್ಯ ಅತಿಥಿಗಳ ಕಾರು ಬಂದು ಹಾರ್ನ್ ಹೊಡೆಯಿತು. ಅದರ ಹಿಂದೆ ಅಪ್ಪ ಅಮ್ಮಂದಿರ ಕಾರುಗಳ ಸಾಲು. ನಾನು ಕೀ ತಿರುಗಿಸಿದೆ, ಮತ್ತೆ ತಿರುಗಿಸಿದೆ, ಗಾಡಿಯನ್ನು ಬೇಡಿಕೊಂಡೆ. ಒಳಗೆ ಹೆಂಡತಿಯ ಪರದೆ ಕಟ್ಟಿ ಮುಗಿದು, ವೇಷ ಹಾಕಿದ ಮಕ್ಕಳು ಅದರ ಹಿಂದೆ ಸಾಲಾಗಿ ನಿಂತಿದ್ದರು. ಪರದೆ ಎಳೆಯಬೇಕಾದ ಅತಿಥಿ ಮಾತ್ರ ನನ್ನ ಬಂಪರಿನ ಆಚೆ ಇದ್ದರು.

ಗಲಾಟೆ ಕೇಳಿ ಹೆಂಡತಿ ಬಂದಳು, ಜೊತೆಗೆ ಅತ್ತೆ, ಹಿಂದೆ ಮುಖ್ಯೋಪಾಧ್ಯಾಯಿನಿ.

"ಕದಲಿಸ್ಬೇಡಿ ಅಂದಿದ್ನಲ್ಲ," ಎಂದಳು ಹೆಂಡತಿ. ದನಿ ಎತ್ತಲಿಲ್ಲ. "ಪಂಕ್ಚರ್ ಅಂಗಡಿಯವನ ಹತ್ರ ಗಾಳಿ ಮಷಿನ್‌ಗೆ ಇಟ್ಟಿದ್ದ ಡೀಸೆಲ್ ಎರಡೇ ಲೀಟರ್ ಇತ್ತು. ನೀವು ತಿರುವು ನೋಡೋಕೆ ಹೋದಾಗ ಹಾಕಿದ್ದು. ಇಲ್ಲಿವರೆಗೆ ಬಂದಿದ್ದೇ ಹೆಚ್ಚು."

"ಮೀಟರ್ ಏರಲೇ ಇಲ್ವಲ್ಲ?"

"ಎರಡು ಲೀಟರ್ ಹಾಕಿದ್ರೆ ಆ ಮೀಟರ್‌ಗೆ ಗೊತ್ತೇ ಆಗಲ್ಲ," ಎಂದರು ಹಿರಿಯ ಡ್ರೈವರು, ಆಗಲೇ ನನ್ನ ಗಾಡಿಗೆ ಹೆಗಲು ಕೊಟ್ಟು.

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಹಾಕೋದು ಬೇಕೋ ಬೇಡ್ವೋ ಅಂತ ನೀವು ವಾದಕ್ಕೆ ನಿಲ್ತಿದ್ರಿ. ನಾಲ್ಕು ಗಂಟೆ ಅಲ್ಲೇ ಆಗ್ತಿತ್ತು."

ಅಂದರೆ ಅತ್ತೆಯ ಆ ನಿಶ್ಚಿಂತೆಯ ಗೊರಕೆ ಅಳಿಯನ ಮೇಲಿನ ನಂಬಿಕೆಯಿಂದ ಬಂದದ್ದಲ್ಲ, ಎರಡು ಲೀಟರು ಡೀಸೆಲ್ಲಿನಿಂದ ಬಂದದ್ದು. ಎಂಟು ತಿಂಗಳಲ್ಲಿ ಅಂದೊಂದೇ ದಿನ, ಸೊನ್ನೆ ತೋರಿಸಿದಾಗ, ಮೀಟರು ಸತ್ಯ ನುಡಿದಿತ್ತು, ಅಂದೇ ನಾನು ಅದನ್ನು ಸುಳ್ಳುಗಾರನೆಂದು ನಾಲ್ಕು ಜನರೆದುರು ಸಾಧಿಸಿದ್ದೆ. ನಾಚಿಕೆಯಿಂದ ಭೂಮಿಗಿಳಿದುಹೋದೆ.

ನಾಲ್ವರು ಡ್ರೈವರುಗಳು ತಳ್ಳಿದರು. ಸಮಾರಂಭ ಇಪ್ಪತ್ತು ನಿಮಿಷ ತಡವಾಯಿತು. ಆದರೆ ಕೆಂಪು ಮಖಮಲ್ಲು ಎಲ್ಲೂ ಸಿಕ್ಕಿಕೊಳ್ಳದೆ ಎರಡು ಕಡೆಗೆ ಸರಿದಾಗ ಜನ ನಾಟಕಕ್ಕೂ ಮೊದಲು ಪರದೆಗೇ ಚಪ್ಪಾಳೆ ತಟ್ಟಿದರು. ಕೊನೆಯ ಸಾಲಿನಲ್ಲಿ ನಿಂತು ನಾನೂ ತಟ್ಟಿದೆ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಮುಗಿದ ಮೇಲೆ ಮುಖ್ಯೋಪಾಧ್ಯಾಯಿನಿ ಅವಳ ಎರಡೂ ಕೈ ಹಿಡಿದುಕೊಂಡರು. "ಸಭಾಂಗಣದ ಹದಿನೆಂಟು ಕಿಟಕಿಗೂ ನೀವೇ ಹೊಲಿದುಕೊಡ್ಬೇಕಮ್ಮ."

ನಾನು ಮುಂದೆ ಬಂದು, "ಅದಕ್ಕೇನು ಮೇಡಂ, ಹೇಳಿದ ದಿನ ತಂದಿಳಿಸ್ತೀನಿ," ಎಂದೆ.

ಅವರು ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಗೇಟಿನ ಕಡೆ ನೋಡಿದರು.

"ಬೇಡ, ನಮ್ಮ ಬಸ್ಸನ್ನೇ ನಿಮ್ಮ ಮನೆ ಬಾಗಿಲಿಗೆ ಕಳಿಸ್ತೀವಿ," ಎಂದು ಹೆಂಡತಿಗೆ ಹೇಳಿದರು. "ನಿಮ್ಮ ಯಜಮಾನರೂ ಬೇಕಿದ್ರೆ ಅದರಲ್ಲೇ ಕೂತ್ಕೊಂಡು ಬರ್ಲಿ."