ಹಾಸಿಗೆ ಅಂಗಡಿಯಲ್ಲಿ ನನ್ನ ನಾಯಕತ್ವ

ಬದಲಾವಣೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ಮೈಯೆಲ್ಲ ಪುಳಕ. ಫ್ರಿಜ್ಜನ್ನು ಮೂಲೆಯಿಂದ ಮೂಲೆಗೆ ಎಳೆಸಿ ಗಂಡನ ಸೊಂಟ ಹಿಡಿಸಿದವಳು ನಾನು. ಇಂಥವಳನ್ನು ಮಂಗಳೂರಿನ ಪಂಪ್‌ವೆಲ್‌ನ ಹಾಸಿಗೆ ಅಂಗಡಿಗೆ ಮ್ಯಾನೇಜರ್ ಮಾಡಿ, ಅದೂ ಸಾಲದೆಂದು ನಾಯಕತ್ವದ ತರಬೇತಿಗೆ ಕಳಿಸಿದ್ದು ನಮ್ಮ ಧಣಿ ಹಾಜಿಯವರದೇ ತಪ್ಪು. ಅಲ್ಲಿ ಟೈ ಕಟ್ಟಿದವರೊಬ್ಬರು, "ನಿರ್ಧಾರದಲ್ಲಿ ಎಲ್ಲರನ್ನೂ ಸೇರಿಸಿಕೊಳ್ಳಿ" ಎಂದು ಹೇಳಿಕೊಟ್ಟರು. ಮರುದಿನವೇ ಸಭೆ ಕರೆದೆ. ಮಧ್ಯಾಹ್ನ ಬಾಗಿಲು ಹಾಕಿ ಊಟಕ್ಕೂ ನಿದ್ದೆಗೂ ಮನೆಗೆ ಹೋಗುವ ಪದ್ಧತಿ ಇನ್ನು ಸಾಕು, ಅಂಗಡಿ ತೆರೆದೇ ಇರಲಿ, ಏನಂತೀರಿ?

"ಎಂತ ಮೇಡಂ, ಆ ಹೊತ್ತಿಗೆ ಯಾರು ಬರ್ತಾರೆ? ಊರಿಗೆ ಊರೇ ಮೀನು ಸಾರು ಉಂಡು ಮಲಗಿರ್ತದೆ" ಎಂದಳು ಬಿಲ್ಲಿಂಗಿನ ಸುಜಾತ. ಕೈ ಎತ್ತಿಸಿದೆ. ಬೇಡ ಎನ್ನಲು ಎಲ್ಲರ ಕೈ, ಬೇಕು ಎನ್ನಲು ನನ್ನದೊಂದೇ. ಎಲ್ಲರನ್ನೂ ಸೇರಿಸಿಕೊಂಡದ್ದಾಯಿತಲ್ಲ, ತೆರೆದಿಡುವುದೆಂದೇ ನಿರ್ಧರಿಸಿದೆ! ಹಾಜಿಯವರು ಗಡ್ಡ ನೀವಿಕೊಂಡು, "ಒಂದು ವಾರ ನೋಡುವ. ಒಂದು ಹಾಸಿಗೆಯಾದ್ರೂ ಹೋಗದಿದ್ರೆ ಮತ್ತೆ ಚೇಂಜ್ ಗೀಂಜ್ ಅಂತ ನನ್ನ ಹತ್ರ ಬರ್ಲಿಕ್ಕಿಲ್ಲ" ಎಂದರು. ನನ್ನ ಮರ್ಯಾದೆಯೆಲ್ಲ ಒಂದು ಹಾಸಿಗೆಯ ಮೇಲೆ ನಿಂತಿತು.

"ನೀವು ಲೀಡರ್ ಅಲ್ವಾ, ನೀವೇ ಇರಿ" ಎಂದು ಸುಜಾತ ಮತ್ತು ಉಳಿದವರೆಲ್ಲ ಊಟಕ್ಕೆ ಹೊರಟುಬಿಟ್ಟರು. ಆದರೂ ಏನು ಹುರುಪು ನನಗೆ! ಬಾಗಿಲಲ್ಲಿ ನೆರಳು ಸರಿದರೂ ಎದ್ದು ನಿಲ್ಲುತ್ತಿದ್ದೆ. ಬಂದವರೆಂದರೆ ಕುಲಶೇಖರದ ಬಸ್ಸು ಎಲ್ಲಿ ನಿಲ್ತದೆ ಎಂದು ಕೇಳುವವರು, ಎ.ಸಿ.ಯ ತಂಪಿಗೆ ಹೊಕ್ಕು ದಿಂಬು ಒತ್ತಿ ನೋಡಿ ಹೋಗುವವರು. ವಾರದ ಕೊನೆಯ ದಿನ, ಬುತ್ತಿಯ ಬಂಗುಡೆ ಸಾರು ಮುಗಿಸಿ, ಕಿಟಕಿ ಬದಿಯ ದಪ್ಪ ಹಾಸಿಗೆಯ ಗುಣಮಟ್ಟ ಪರೀಕ್ಷಿಸೋಣವೆಂದು ಸ್ವಲ್ಪ ಒರಗಿದೆ. ಅಷ್ಟೇ ನೆನಪು.

"ಮೇಡಂ, ಏಳಿ ಮಾರಾಯ್ರೆ!" ಕಣ್ಣು ಬಿಟ್ಟರೆ ಸುಜಾತ, ಹಾಜಿಯವರು, ಜೊತೆಗೆ ಮಗಳ ಮದುವೆಗೆ ಹಾಸಿಗೆ ನೋಡಲು ಕಾಟಿಪಳ್ಳದಿಂದ ಬಂದ ದಂಪತಿ. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಆದರೆ ಆ ಹೆಂಗಸು, "ಎಷ್ಟು ಕರೆದ್ರೂ ಎಚ್ಚರ ಇಲ್ಲ, ಎಂಥ ಗೊರಕೆ! ನಮಗೆ ಇದೇ ಹಾಸಿಗೆ ಆಗ್ಬೇಕು" ಎಂದರು. ಒಂದಲ್ಲ, ಎರಡು ಕೊಂಡರು! ನನಗೆ ಕುಣಿದಾಡುವಷ್ಟು ಖುಷಿ. ಹಾಜಿಯವರಿಗೂ ಅಷ್ಟೇ: "ನಿಮ್ಮ ಚೇಂಜ್ ಒಳ್ಳೇದುಂಟು ಮೇಡಂ. ಮಧ್ಯಾಹ್ನ ತೆರೆದೇ ಇಡುವ. ಸುಜಾತ ಗಿರಾಕಿ ನೋಡ್ಲಿ, ನೀವು ದಿನಾ ಕಿಟಕಿ ಹತ್ರ ಮಲಗಿ."

ಡ್ಯೂಟಿ ಎಂದಮೇಲೆ ನಿದ್ದೆ ಎಲ್ಲಿಂದ ಬರಬೇಕು? ಹೊದಿಕೆ ಎಳೆದುಕೊಂಡು, ಕಣ್ಣು ಮುಚ್ಚಿ, ನಿಟ್ಟುಸಿರನ್ನೇ ಗೊರಕೆಯಂತೆ ಬಿಡುತ್ತ ಬಿದ್ದುಕೊಂಡಿರುತ್ತೇನೆ. ಬಾಗಿಲು ಕಿರ್ ಎಂದಾಗ ಸುಜಾತ ಕಿವಿಯ ಬಳಿ ಬಗ್ಗುತ್ತಾಳೆ: "ಮೇಡಂ, ಗಿರಾಕಿ ಬಂದ್ರು. ಸ್ವಲ್ಪ ಜೋರಾಗಿ."